ಕಾರಿಗೆ ಮಡಿಲು ತುಂಬುತ್ತಿದ್ದ ಮುನಿರಾಜಣ್ಣ

ಕಾರಿಗೆ ಮಡಿಲಕ್ಕಿ ಕಟ್ಟಿ ಕಳಿಸುವ ಮನುಷ್ಯನನ್ನು ನಾನು ಕಂಡದ್ದು ಒಬ್ಬರನ್ನೇ. ಬಾಗಲಗುಂಟೆಯಲ್ಲಿ ತಮ್ಮ ಹೊಲದ ಉಳಿದ ತುಂಡಿಗೆ ತಗಡಿನ ಬೇಲಿ ಹಾಕಿಸಿ, ಜನರ ಕಾರುಗಳನ್ನು ಉದ್ದನೆಯ ಲಾರಿಗಳ ಮೇಲೆ ಊರೂರಿಗೆ ಸಾಗಿಸುತ್ತಿದ್ದ ಮುನಿರಾಜಣ್ಣ. ಜಾಲಹಳ್ಳಿ ಕಡೆಯಿಂದ ವರ್ಗವಾಗಿ ಹೋಗುವವರೇ ಅವರ ಗಿರಾಕಿಗಳು. ಕಾರು ಲಾರಿ ಹತ್ತುವ ಮುಂಚೆ ರವಿಕೆ ಕಣದಲ್ಲಿ ಅಕ್ಕಿ, ಬೆಲ್ಲ, ಎಲೆ ಅಡಿಕೆ, ಒಂದು ತೆಂಗಿನಕಾಯಿ ಇಟ್ಟು ಗಂಟು ಕಟ್ಟಿ ಡ್ರೈವರ್ ಸೀಟಿನಲ್ಲಿ ಕೂರಿಸುವರು. ಲಾರಿಯವರು ನಕ್ಕರೆ, “ಎಣ್ಮಕ್ಳನ್ನ ಯಾರಾದ್ರೂ ಬರಿಗೈಲಿ ಕಳಿಸ್ತಾರೇನ್ರಲಾ?” ಎಂದು ಗದರುವರು. ಅವರ ಲೆಕ್ಕದಲ್ಲಿ ಕಾರುಗಳೆಲ್ಲ ಹೆಣ್ಣುಮಕ್ಕಳು.

ನನ್ನ ಕಾರಿಗೂ ಹಾಗೇ ಮಡಿಲು ತುಂಬಿದರು. ಆರ್.ಟಿ. ನಗರದ ನರ್ಸಿಂಗ್ ಹೋಮಿನಲ್ಲಿ ನರ್ಸಾಗಿ ದುಡಿದು, ನನ್ನ ಹೆಸರಿನಲ್ಲಿ ನಾನೇ ಕೊಂಡ ಕಾರು ಅದು. ಮದುವೆಯಾದ ಮೇಲೆ ಗಂಡನ ಜೊತೆ ಲೇಹ್‌ನಿಂದಲೂ ಆಚೆ, ರಸ್ತೆ ಮಾಡಿಸುವ ಕಂಪನಿಯ ಕ್ವಾರ್ಟರ್ಸಿಗೆ ಹೋಗಬೇಕಾಯಿತು. ಬಾಗಿಲು ತೆಗೆದರೆ, ಕ್ವಾರ್ಟರ್ಸಿನ ನಾಲ್ಕು ಮನೆ ಬಿಟ್ಟು ಕಣ್ಣು ಹಾಯುವಷ್ಟು ದೂರ ಒಂದು ನರಪಿಳ್ಳೆ ಇಲ್ಲ. ಬಸ್ಸಿಲ್ಲ, ಆಟೋ ಇಲ್ಲ. ಕಾರಾದರೂ ಇರಲಿ ಅಂತ ತರಿಸಿಕೊಂಡೆ.

ಅದು ಬಂದು ಸೇರುವವರೆಗೂ ದಿನಾ ಫೋನು ಮಾಡುತ್ತಿದ್ದೆ. ಬೇರೆ ಏಜೆಂಟರು ಗಾಡಿ ಹೊರಟಿತು ಅಂದರೆ ಫೋನೇ ಎತ್ತುವುದಿಲ್ಲ. ಮುನಿರಾಜಣ್ಣ ಮೊದಲ ರಿಂಗಿಗೇ ಎತ್ತಿ, ಲೀಲಾಜಾಲವಾಗಿ ಸುಳ್ಳು ಹೇಳುವರು. “ನಿನ್ ಮಗಳು ನಾಗ್ಪುರದಲ್ಲವ್ಳೆ ಕಣಮ್ಮ, ಉಂಡು ಮನಗವ್ಳೆ.” ಅದೇ ಬೆಳಿಗ್ಗೆ ನನ್ನಕ್ಕ ಆ ದಾರಿಯಲ್ಲಿ ಹೋಗುತ್ತಾ ಬೇಲಿಯೊಳಗೆ ನನ್ನ ಕಾರು ನಿಂತಿದ್ದನ್ನು ಕಣ್ಣಾರೆ ನೋಡಿದ್ದಳು. ಕೇಳಿದರೆ ಆಸಾಮಿಗೆ ನಾಚಿಕೆಯೇ ಇಲ್ಲ. “ತವರು ಬಿಡಾಕೆ ಅಳ್ತಾವ್ಳೆ. ನಾನೇನ್ ಕತ್ತು ಇಡ್ದು ತಳ್ಳಕ್ಕಾಯ್ತದಾ?”

ಕೊನೆಗೂ ಕಾರು ಬಂದು ತಲುಪಿತು. ಬಾಗಿಲು ತೆಗೆದರೆ ಗಂಟಿನೊಳಗಿನ ಕಾಯಿ ಎರಡು ಹೋಳು! ಒಳಗಿನ ನೀರು ಹೆಪ್ಪುಗಟ್ಟಿ ಚಿಪ್ಪನ್ನೇ ಸೀಳಿಬಿಟ್ಟಿತ್ತು. ಆ ಚಳಿಗೆ ಎಳನೀರಿನ ನಾಡಿನಿಂದ ಕಾಯಿ ಕಳಿಸುವುದುಂಟೇ? ನನಗೋ ಅಪಶಕುನದ ಹೆದರಿಕೆ. ಫೋನು ಮಾಡಿದೆ. “ಇಲ್ಲಿ ನಾವ್ ಒಡೀತೀವಿ, ಅಲ್ಲಿ ದೇವ್ರೇ ಒಡ್ಕಂಡವ್ನೆ. ಒಳ್ಳೇದೇ ಬುಡು” ಅಂದರು. ಅಲ್ಲಿಂದಾಚೆಗೆ ಚಳಿ ಊರಿಗೆ ಹೋಗುವ ಕಾರುಗಳಿಗೆ ಕಾಯಿಯ ಬದಲು ಕೊಬ್ಬರಿ ಇಡುತ್ತಿದ್ದರಂತೆ.

ಒಳ್ಳೆಯದೇನೂ ಆಗಲಿಲ್ಲ. ಮೊದಲು ಕಾರಿನ ಕೀ ಗಂಡನ ಜೇಬು ಸೇರಿತು, ಆಮೇಲೆ ನನ್ನ ಫೋನು. ಆಮೇಲೆ ಕೈ ಎತ್ತಿದ. ಎರಡನೇ ಸಲ ಎತ್ತಿದಾಗ, ಬಟ್ಟೆಯೊಳಗೆ ಬಚ್ಚಿಟ್ಟಿದ್ದ ಇನ್ನೊಂದು ಕೀ ಹಿಡಿದುಕೊಂಡು, ಕಾರಿನ ಸದ್ದಾದರೆ ಅವನು ತಡೆದಾನೆಂದು ಅದನ್ನು ಅಲ್ಲೇ ಬಿಟ್ಟು, ಪಕ್ಕದ ರಸ್ತೆ ಕೆಲಸಗಾರರ ಶಿಬಿರದ ಜೀಪಿನಲ್ಲಿ ಲೇಹ್‌ಗೆ ಬಂದು ವಿಮಾನ ಹತ್ತಿದೆ. ಅಕ್ಕನ ಮನೆ ಸೇರಿದಾಗ ಅಳುವುದಕ್ಕೂ ತ್ರಾಣವಿರಲಿಲ್ಲ.

ನನ್ನ ಕಾರು ನನಗೆ ಬೇಕು ಅಂದೆ. “ಓದ್ರೆ ಓಗ್ಲಿ ಬಿಡೇ, ತಗಡು ತಾನೆ” ಅಂದಳು ಅಕ್ಕ. ಎಲ್ಲರೂ ಅದನ್ನೇ ಹೇಳಿದರು. ತಗಡೇ ಇರಬಹುದು. ಆದರೆ ನಾನು ನಾನಾಗಿ ಬದುಕಿದ್ದೆ ಅನ್ನುವುದಕ್ಕೆ ನನ್ನ ಹತ್ತಿರ ಉಳಿದದ್ದು ಅದೊಂದೇ. ಹಿಮ ಬಿದ್ದು ದಾರಿ ಮುಚ್ಚಿದರೆ ಬೇಸಿಗೆಯವರೆಗೂ ಅದು ಅಲ್ಲೇ, ಅಷ್ಟರೊಳಗೆ ಅವನು ಅದನ್ನು ಏನು ಮಾಡುತ್ತಾನೋ ದೇವರೇ ಬಲ್ಲ.

ಮುನಿರಾಜಣ್ಣನ ಹತ್ತಿರ ಹೋದೆ. ನನ್ನ ಮುಖ ನೋಡಿದರು. ಯಾಕೆ, ಏನು, ಹೊಂದಿಕೊಂಡು ಹೋಗಬಾರದಿತ್ತಾ, ಯಾವುದನ್ನೂ ಕೇಳಲಿಲ್ಲ. “ಕೀ ಐತಾ?” ಅಂದರು. ಕೊಟ್ಟೆ. “ಕಳ್ಸಿದೋನು ನಾನು. ಕರ್ಕಬರೋನೂ ನಾನೇ.”

ಲೋಕದ ಕಾರುಗಳನ್ನೆಲ್ಲ ಎಲ್ಲೆಲ್ಲಿಗೋ ಸಾಗಿಸಿದ ಈ ಮನುಷ್ಯ ತಾವು ತಿರುಪತಿ ದಾಟಿ ಹೋದವರಲ್ಲ. ಮಂಕಿ ಟೋಪಿ ಹಾಕಿಕೊಂಡು, ನಂಬಿಕೆಯ ಒಬ್ಬ ಡ್ರೈವರನ್ನು ಜೊತೆಗೆ ಕರೆದುಕೊಂಡು, ಜೀವಮಾನದಲ್ಲಿ ಮೊದಲ ಸಲ ವಿಮಾನ ಹತ್ತಿದರು. ಲೇಹ್‌ನಿಂದ ಅಕ್ಕನ ಫೋನಿಗೆ ಕರೆ ಬಂತು. “ಉಸ್ರೇ ಸಿಗಾಕಿಲ್ಲ ಕಣಮ್ಮ ಇಲ್ಲಿ. ಜನ ಎಂಗವ್ರೋ ಕಾಣೆ.” ಏದುಸಿರು ನನಗೂ ಕೇಳಿಸುತ್ತಿತ್ತು. ಬೇಡ, ವಾಪಸ್ ಬಂದುಬಿಡಿ ಅಂದೆ. ಫೋನು ಇಟ್ಟುಬಿಟ್ಟರು. ಮುಂದೆ ಕರೆಯೇ ಇಲ್ಲ. ನಾಗ್ಪುರದ ಥರದ ಸುಳ್ಳೊಂದನ್ನಾದರೂ ಹೇಳಬಾರದಿತ್ತೇ ಎಂದು ಕಿಟಕಿಯ ಪಕ್ಕ ಫೋನು ಹಿಡಿದು ಕೂತಿರುತ್ತಿದ್ದೆ.

ಒಂದು ಮಧ್ಯಾಹ್ನ ಬೇಲಿಯೊಳಗೆ ಲಾರಿಯಿಂದ ನನ್ನ ಕಾರು ಇಳಿಯಿತು. ಮೈಯೆಲ್ಲ ಧೂಳು, ಮುಂದಿನ ಗಾಜಿನಲ್ಲಿ ಒಂದು ಬಿರುಕು. ಮುನಿರಾಜಣ್ಣ ಅದಕ್ಕೆ ಒರಗಿ ನಿಂತಿದ್ದರು. ಅರ್ಧ ಆಗಿಹೋಗಿದ್ದರು. ಅಲ್ಲಿ ನಡೆದದ್ದನ್ನು ಡ್ರೈವರೇ ಹೇಳಿದ. ನನ್ನ ಗಂಡ ಕಾರಿಗೆ ಅಡ್ಡ ನಿಂತು, ನೀನು ಯಾವನೋ ಕೇಳೋಕೆ ಅಂದನಂತೆ. ಇವರು ಏದುಸಿರು ಬಿಡುತ್ತಲೇ ಟೋಪಿ ತೆಗೆದು, “ಎಣ್ಣಿನ ಕಡೆಯೋರು” ಅಂದರಂತೆ. ಕ್ವಾರ್ಟರ್ಸಿನ ಜನ ಸೇರಿದ್ದರಿಂದ ಅವನು ಪಕ್ಕಕ್ಕೆ ಸರಿಯಬೇಕಾಯಿತು.

ನನಗೆ ತಡೆಯಲಾಗಲಿಲ್ಲ. ಅಷ್ಟು ದಿನ ಬಾರದ ಅಳು ಅಲ್ಲಿ, ಲಾರಿಯವರ ಮುಂದೆ, ಗೊಳೋ ಎಂದು ಬಂತು. ಅವರು ಕೀಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು.

“ಇನ್ಮ್ಯಾಕೆ ಎಲ್ಲಿಗ್ ಓಗೋದಿದ್ರೂ ನೀನೇ ಓಡಿಸ್ಕಂಡ್ ಓಗವ್ವ. ಸಾಗ್ಸೋ ಕೆಲಸ ಸಾಕಾಗೈತೆ ನಂಗೆ.”

ಅದೇ ಕೊನೆಯ ಮಾತು. ಯುಗಾದಿಗೆ ಮುಂಚೆ ಎದೆನೋವು ಬಂದು ಹೋಗಿಬಿಟ್ಟರು. ಆ ಬೆಟ್ಟದ ಚಳಿ ಅವರನ್ನು ತಿಂದಿತೋ ಏನೋ ಎಂದು ನಾನು ಕೊರಗಿದರೆ, ಅವರ ಹೆಂಡತಿ, “ಮದ್ಲಿಂದ್ಲೂ ಇತ್ತು ಕಣಮ್ಮ, ನಿನ್ ತಲೆ ಮ್ಯಾಲೆ ಆಕ್ಕಬ್ಯಾಡ” ಎಂದು ನನಗೇ ಸಮಾಧಾನ ಹೇಳಿದರು. ಹೆಸರಘಟ್ಟದ ಆಚೆ, ಅವರ ಹಿರಿಯರ ತೋಟದಲ್ಲಿ ಮಣ್ಣು ಮಾಡಿದರು. ಬಿಡೇ, ನಾನು ಕರ್ಕೊಂಡು ಹೋಗ್ತೀನಿ ಅಂದರು ಭಾವ. ಬೇಡ ಅಂದೆ. ಅವರ ಮಣ್ಣಿಗೆ ನಾನೇ ಓಡಿಸಿಕೊಂಡು ಹೋದೆ.