ಗಂಟೆಯಮ್ಮನ ಪಾಲಿನ ವ್ಯಾಯಾಮ

ನಮ್ಮ ಬೀದಿಯ ಕೊನೆಯಲ್ಲಿರುವ ಶಾಲೆಯ ಗಂಟೆ ಎಂದರೆ ಮೊಳದುದ್ದದ ಒಂದು ರೈಲುಕಂಬಿಯ ತುಂಡು. ಅದು ಜಗಲಿಯ ತೊಲೆಯಿಂದ ತಂತಿಯಲ್ಲಿ ನೇತಾಡುತ್ತದೆ, ಎಂಥ ಉದ್ದನೆಯ ಹುಡುಗ ಹಾರಿದರೂ ಬೆರಳು ತಾಗದಷ್ಟು ಮೇಲೆ. ಹಿಂದೆ ಅದು ಕೆಳಗೇ ಇತ್ತಂತೆ. ಒಂದು ದಿನ ಲೆಕ್ಕದ ಪರೀಕ್ಷೆಗೆ ಪ್ರಶ್ನೆಪತ್ರಿಕೆ ಹಂಚುತ್ತಿರುವಾಗಲೇ ಯಾವನೋ ಪುಣ್ಯಾತ್ಮ ಮನೆಗೆ ಬಿಡುವ ಗಂಟೆ ಬಾರಿಸಿಬಿಟ್ಟ. ಮಕ್ಕಳಿಗಿಂತ ಮೊದಲು ಇಬ್ಬರು ಮೇಷ್ಟ್ರು ಗೇಟು ದಾಟಿದ್ದರು. ಮರುದಿನವೇ ಕಂಬಿ ಮೇಲೇರಿತು. ಅದಕ್ಕೆ ತಕ್ಕ ಎತ್ತರದವರು ಬೇಕೆಂದು ಹುಡುಕಿ ಈ ಕತೆಯ ಹೆಂಗಸನ್ನು ಆಯಾ ಕೆಲಸಕ್ಕೆ ತೆಗೆದುಕೊಂಡರು.

ಅವಳಿಗೊಂದು ಹೆಸರಿತ್ತು. ಹಾಜರಿ ಪುಸ್ತಕದ ಹೊರಗೆ ಅದನ್ನು ಯಾರೂ ಬಳಸುತ್ತಿರಲಿಲ್ಲ. ಮಕ್ಕಳಿಗೆ ಅವಳು ಗಂಟೆಯಮ್ಮ. ಸಿಟ್ಟು ಬಂದಾಗ ಸ್ವಂತ ಅತ್ತೆಗೂ ಗಂಟೆಯಮ್ಮನೇ. ಕಾಲ್ಬೆರಳ ಮೇಲೆ ನಿಂತು, ಬಲಗೈಯನ್ನು ಕಿವಿಗೆ ತಾಗುವಂತೆ ನೆಟ್ಟಗೆ ಎತ್ತಿ, ಸುತ್ತಿಗೆಯಿಂದ ಮೂರು ಏಟು ಹಾಕುತ್ತಿದ್ದಳು. ಮೊದಲೆರಡು ಗಟ್ಟಿಯಾಗಿ. ಮೂರನೆಯದು ಮಾತ್ರ ಮೆತ್ತಗೆ, ಮಲಗಿದ ಮಗುವಿಗೆ ಹೊದಿಕೆ ಎಳೆದ ಹಾಗೆ. ಆ ಕೈ ಮೇಲೇರುವುದು ಕಿಟಕಿಯಿಂದ ಕಂಡರೆ ಸಾಕು, ಲೆಕ್ಕದ ಮೇಷ್ಟ್ರ ಮಾತಿಗೆ ಅರ್ಧ ವಾಕ್ಯದಲ್ಲೇ ಬೀಗ ಬೀಳುತ್ತಿತ್ತು.

ಅವಳಿಗೆ ಸ್ತನದ ಕ್ಯಾನ್ಸರ್ ಬಂದದ್ದು ಬಲಗಡೆಗೆ. ಶಸ್ತ್ರಚಿಕಿತ್ಸೆ ಆಯಿತು, ಉಳಿದ ಚಿಕಿತ್ಸೆಗಳೂ ಮುಗಿದವು, ಉದುರಿದ ಕೂದಲು ಹೊಸ ಹುಲ್ಲಿನಂತೆ ತಲೆಯೆತ್ತಿತು. ಬಲಗೈ ಮಾತ್ರ ಭುಜದ ಮಟ್ಟಕ್ಕೆ ಬಂದು ನಿಂತುಬಿಡುತ್ತಿತ್ತು.

ನೋಡಲು ಬಂದ ಹೆಡ್‌ಮೇಷ್ಟ್ರು ಕುರ್ಚಿಯ ತುದಿಯಲ್ಲಿ ಕೂತು, ಕನ್ನಡಕ ಒರೆಸಿಕೊಳ್ಳುತ್ತ ವಿಷಯ ಎತ್ತಿದರು.

“ಕರೆಂಟು ಗಂಟೆ ತರಿಸಿದ್ದೀನಮ್ಮ. ಇನ್ನೂ ಡಬ್ಬದಲ್ಲೇ ಇದೆ. ರಜೆ ಮುಗಿದು ಶಾಲೆ ತೆರೆಯೋ ದಿನ ನೀನೇ ಬಾರಿಸಿದ್ರೆ ಡಬ್ಬ ಬಿಚ್ಚಲ್ಲ. ಆಗಲಿಲ್ಲ ಅಂದ್ರೆ ಬಿಚ್ಚಲೇಬೇಕು. ಕೆಲಸಕ್ಕೇನೂ ತೊಂದರೆ ಇಲ್ಲ, ನೀರಿನ ಡ್ರಮ್ಮಿನ ಹತ್ರ ಕೂತ್ಕೊಂಡಿರು.”

“ಡ್ರಮ್ಮು ಎಲ್ಲಿಗೂ ಓಡಿಹೋಗಲ್ಲ ಸಾರ್, ಅದಕ್ಕೆ ಕಾವಲು ಯಾಕೆ?” ಎಂದಳು ಗಂಟೆಯಮ್ಮ. “ಎಡಗೈ ಇದೆಯಲ್ಲ.”

ಆಗಲೇ ಇಬ್ಬರೂ ಶಾಲೆಗೆ ಹೋಗಿ ಪರೀಕ್ಷಿಸಿದರು. ಎಡಗೈ ಬೀಸಿದ ಸುತ್ತಿಗೆ ಕಂಬಿಯನ್ನು ಬಿಟ್ಟು ತೊಲೆಗೆ ಬಡಿಯಿತು. ತೊಲೆಯ ಮೇಲೆ ವರ್ಷಗಳಿಂದ ಕೂತಿದ್ದ ಧೂಳು ಒಂದೇ ಸಲ ಹೆಡ್‌ಮೇಷ್ಟ್ರ ತಲೆಯ ಮೇಲಿಳಿಯಿತು. ಅವರು ತಲೆ ಕೊಡವಿಕೊಂಡು ಒಳಗೆ ಹೋದರು. ಡಬ್ಬವನ್ನು ಬೀರುವಿನಿಂದ ತೆಗೆದು ಮೇಜಿನ ಮೇಲಿಟ್ಟರು.

ಆಸ್ಪತ್ರೆಯಲ್ಲಿ ಕ್ಯಾನ್ಸರ್ ಆದವರಿಗೆ ವ್ಯಾಯಾಮ ಹೇಳಿಕೊಡಲೆಂದೇ ಒಬ್ಬ ಮೇಡಂ ಇದ್ದರು. ಗಂಟೆಯಮ್ಮ ಗಂಡನ ಜೊತೆ, ಅತ್ತೆಯ ಜೊತೆ ಅವರ ಮುಂದೆ ಹೋಗಿ ಕೂತಳು.

“ಯಾವಾಗಲೂ ಸುಸ್ತು ಮೇಡಂ. ಎಷ್ಟು ಮಲಗಿದ್ರೂ ಹೋಗಲ್ಲ.”

“ಮಲಗಿದ್ರೆ ಹೋಗಲ್ಲಮ್ಮ, ಈ ಸುಸ್ತಿನ ಸ್ವಭಾವವೇ ಹಾಗೆ. ದಿನಾ ಸ್ವಲ್ಪ ಸ್ವಲ್ಪ ನಡೆದ್ರೆ ಇಳಿಯತ್ತೆ. ಕೈಗೂ ಅಷ್ಟೇ. ಗೋಡೆ ಕಡೆ ಮುಖ ಮಾಡಿ ನಿಂತ್ಕೊಂಡು ಬೆರಳನ್ನ ಹಲ್ಲಿ ಹತ್ತಿದ ಹಾಗೆ ಮೇಲಕ್ಕೆ ಹತ್ತಿಸಿ. ಭುಜ ತಿರುಗಿಸಿ. ಎಳೆದ ಹಾಗೆ ಆಗಬೇಕು, ತಡೆಯೋಕಾಗದ ನೋವು ಆಗಬಾರದು. ಕೈ ಊದಿಕೊಂಡ್ರೆ ತಕ್ಷಣ ಬಂದು ತೋರಿಸಿ.” ಇಷ್ಟನ್ನೂ ಅವರು ಔಷಧಿ ಚೀಟಿಯ ಮೇಲೆ ಔಷಧಿ ಬರೆದ ಹಾಗೆಯೇ ಬರೆದರು: ನಡಿಗೆ, ಬೆಳಿಗ್ಗೆ, ಸಂಜೆ. ಗೋಡೆ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ.

ಅತ್ತೆ ಕತ್ತು ಮುಂದೆ ಚಾಚಿದರು. “ಊಟಕ್ಕೆ ಮುಂಚೆನಾ ತಾಯಿ, ಆಮೇಲಾ?”

“ಯಾವಾಗ ಬೇಕಾದ್ರೂ ಮಾಡಬಹುದು.”

“ನೀರಿನ ಜೊತೆನಾ, ಹಾಲಿನ ಜೊತೆನಾ?”

ಅಷ್ಟರಲ್ಲಿ ಗಂಡ ಚೀಟಿ ಹಿಡಿದು ಕೆಳಗಿನ ಔಷಧಿ ಅಂಗಡಿಯ ಸಾಲಿನಲ್ಲಿ ನಿಂತಾಗಿತ್ತು. ಅಂಗಡಿಯವನು ಚೀಟಿಯನ್ನು ಎರಡು ಸಲ ಓದಿ, “ಇದು ಇಲ್ಲಿ ಸಿಗಲ್ಲ ಯಜಮಾನ್ರೇ, ರಸ್ತೇಲಿ ಸಿಗತ್ತೆ” ಎಂದು ವಾಪಸ್ಸು ಕೊಟ್ಟ.

ಆ ಮನೆಯ ರೀತಿಯನ್ನು ಇಲ್ಲಿ ಹೇಳಬೇಕು. ಅಲ್ಲಿ ಇದು ಇಂಥವರ ಕೆಲಸ ಅಂತ ಇರಲೇ ಇಲ್ಲ. ಗಂಡ ಮತ್ತು ಮೈದುನ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದರು. ಅಣ್ಣ ಬಿಚ್ಚಿದ ಚಕ್ರವನ್ನು ತಮ್ಮ ಜೋಡಿಸುತ್ತಿದ್ದ. ಅತ್ತೆ ನೆನೆಸಿದ ಬಟ್ಟೆಯನ್ನು ಸೊಸೆ ಒಗೆದರೆ ಮಗ ಹರವುತ್ತಿದ್ದ. ಯಾರಿಗೆ ಸುಸ್ತೋ ಅವರ ಕೆಲಸ ಉಳಿದವರದು. ಒಮ್ಮೆ ಅಣ್ಣನಿಗೆ ಜ್ವರ ಬಂದಾಗ ಗುಳಿಗೆ ಕಹಿ ಎಂದು ಅವನು ಮುಖ ಸಿಂಡರಿಸಿದ; ಪಾಪ ಎಂದು ತಮ್ಮನೇ ನುಂಗಿದ. ಅಣ್ಣನ ಜ್ವರ ಇಳಿಯಿತು ಎಂದು ಅತ್ತೆ ಇವತ್ತಿಗೂ ಸಾಕ್ಷಿ ಹೇಳುತ್ತಾರೆ.

ಇಂಥ ಮನೆಗೆ ಆ ಚೀಟಿ ಬಂತು.

ಮೊದಲ ದಿನ ಗಂಟೆಯಮ್ಮ ಗೋಡೆಯ ಮುಂದೆ ನಿಂತು ಬೆರಳು ಹತ್ತಿಸಿದಳು. ಕಂಕುಳಲ್ಲಿ ದಾರ ಬಿಗಿದಂತೆ ಎಳೆಯಿತು. ಹೊಲಿಗೆ ಬಿಚ್ಚಿಯೇ ಹೋಯಿತೇನೋ ಎಂದು ಹೆದರಿ ಕೈ ಇಳಿಸಿದಳು. ಅವಳ ಮುಖ ನೋಡಿ ಗಂಡನಿಗೆ ತಡೆಯಲಾಗಲಿಲ್ಲ.

“ನೀನು ಮಲ್ಕೋ. ಇವತ್ತಿನ ನಿನ್ನ ನಡಿಗೆ ನಾನು ಮುಗಿಸಿ ಬರ್ತೀನಿ.”

“ರೀ, ಅದು ನಾನೇ ಮಾಡಬೇಕಾದ್ದು ಅಲ್ವಾ?”

“ನಾಳೆ ಮಾಡುವೆಯಂತೆ. ನಾನೇನು ಪರಕೀಯನಾ?”

ಸಂಜೆ ಅವನು ಏದುಸಿರು ಬಿಡುತ್ತ ಬಂದು, “ಆಯ್ತು ನಿಂದು” ಎಂದ. ಗೋಡೆಯ ಪಾಲನ್ನು ಮೈದುನ ವಹಿಸಿಕೊಂಡ. ಅಂಗಡಿಗೆ ಹೋಗುವ ಮುಂಚೆ, ಬಂದ ಮೇಲೆ, ಅತ್ತಿಗೆಯ ಹೆಸರು ಹೇಳಿಕೊಂಡು ಬೆರಳು ಹತ್ತಿಸಿದ. ಭುಜ ತಿರುಗಿಸುವುದು ಅತ್ತೆಗೆ ಬಂತು. ಮಂಚದ ಮೇಲೆ ಮಲಗಿ ಗಂಟೆಯಮ್ಮ ಇದನ್ನೆಲ್ಲ ನೋಡುತ್ತಿದ್ದಳು. ನಾಳೆ ತಾನೇ ಮಾಡುವೆನೆಂದುಕೊಳ್ಳುತ್ತಿದ್ದಳು. ಮನೆಯವರೆಲ್ಲ ತನಗಾಗಿ ಬೆವರುವುದು ಒಳಗೊಳಗೇ ಹಿತವಾಗಿಯೂ ಇತ್ತು. ನಾಳೆಯೂ ಅವಳು ಮಲಗಿಯೇ ಇದ್ದಳು.

ರಜೆ ಅರ್ಧ ಕಳೆದಾಗ ಮೇಡಂ ಮತ್ತೆ ಬರಹೇಳಿದರು. ಈ ಸಲ ಅಂಗಡಿಗೆ ಬಾಗಿಲು ಹಾಕಿ ಮೈದುನನೂ ಬಂದ. ಮೇಡಂ ಅವಳ ಕೈಯನ್ನು ಮೆಲ್ಲಗೆ ಎತ್ತಿದರು. ಅದು ಭುಜದ ಹತ್ತಿರ ಬಂದು, ಹಳೇ ಬಾಗಿಲಿನ ಹಾಗೆ ನಿಂತಿತು.

“ದಿನಾ ಮಾಡ್ತಿದ್ದೀರಾ?”

“ಒಂದು ದಿನಾನೂ ತಪ್ಪಿಲ್ಲ ಮೇಡಂ” ಎಂದ ಗಂಡ, ಎದೆಯುಬ್ಬಿಸಿ.

“ಗೋಡೆ?”

“ಗೋಡೆ ನಮ್ಮ ತಮ್ಮ ನೋಡ್ಕೋತಾನೆ.”

“ಏನಂದ್ರಿ? ಮತ್ತೆ ನಡಿಗೆ?”

“ನಡಿಗೆ ನಂದು.”

“ಭುಜ ನಂದು ತಾಯಿ” ಎಂದರು ಅತ್ತೆ. “ಒಂದೆರಡು ಸಲ ಜಾಸ್ತಿ ಮಾಡಿರಬಹುದು, ಕಮ್ಮಿ ಮಾಡಿಲ್ಲ. ಬೇಕಾದ್ರೆ ಇವನನ್ನ ಕೇಳು.”

ಮೇಡಂ ಪೆನ್ನು ಕೆಳಗಿಟ್ಟರು. “ಹಾಗಾದ್ರೆ ಇವರೇನು ಮಾಡ್ತಾರೆ?”

“ಅವಳಿಗೆ ಹುಷಾರಿಲ್ವಲ್ಲ!” ಮೂವರೂ ಒಂದೇ ಉಸಿರಿಗೆ ಹೇಳಿದರು.

ಮೇಡಂ ಎದ್ದು ಕಿಟಕಿಯ ಕಡೆ ತಿರುಗಿ ನಿಂತರು. ಬೆನ್ನು ಕುಲುಕುತ್ತಿತ್ತು. ಇತ್ತ ತಿರುಗಿದಾಗ ಕಣ್ಣಂಚು ಒದ್ದೆಯಾಗಿತ್ತು. ಗಂಡನ ಬೆಲ್ಟು ಎರಡು ತೂತು ಒಳಗೆ ಹೋಗಿದ್ದನ್ನು ನೋಡಿದರು. ಅತ್ತೆಯ ಭುಜ ತಿರುಗಿಸಿ ನೋಡಿದರು. ಆಗತಾನೇ ಎಣ್ಣೆ ಬಿಟ್ಟ ಪೆಡಲಿನಂತೆ ತಿರುಗಿತು.

“ಒಂದೇ ಚೀಟೀಲಿ ಮೂರು ಜನ ಗಟ್ಟಿಯಾಗಿದ್ದೀರಿ. ಚೀಟಿ ಯಾರ ಹೆಸರಲ್ಲಿದೆಯೋ ಅವರೊಬ್ಬರನ್ನ ಬಿಟ್ಟು.” ಆಮೇಲೆ ಅವರ ದನಿ ತಗ್ಗಿತು. “ನೋಡಿ, ಇನ್ನೂ ತಡ ಮಾಡಿದ್ರೆ ಈ ಭುಜ ಹೀಗೇ ಬಿಗಿದುಕೊಂಡುಬಿಡತ್ತೆ. ಇದನ್ನ ಬೇರೆಯವರು ಮಾಡಿ ಕೊಡೋಕೆ ಆಗಲ್ಲ.”

ಗಂಟೆಯಮ್ಮ ತನ್ನ ಬಲಗೈಯನ್ನು, ಯಾರದೋ ಮನೆಯ ಮಗು ತೊಡೆಯ ಮೇಲೆ ಬಂದು ಕೂತಿದೆ ಎಂಬಂತೆ ನೋಡಿದಳು.

“ಗಂಟೆ ಬಾರಿಸೋಕೆ ಆಗತ್ತಾ ಮೇಡಂ?”

“ನೀವು ಮಾಡಿದ್ರೆ ಆಗಬಹುದು. ಸುತ್ತಿಗೆ ಹಗುರದ್ದಿರಲಿ.” ಚೀಟಿಯ ಕೆಳಗೆ ಇನ್ನೊಂದು ಸಾಲು ಸೇರಿತು: ರೋಗಿಯೇ ಮಾಡತಕ್ಕದ್ದು. ಸೇರಿದ ಸಾಲಿನ ಕೆಳಗೆ ಎರಡು ಗೆರೆ.

ಆ ಸಂಜೆ ಅವಳು ಮತ್ತೆ ಗೋಡೆಯ ಮುಂದೆ ನಿಂತಳು. ಏನೂ ಮಾಡದೆ ಸುಮ್ಮನಿರುವುದು ಉಳಿದ ಮೂವರಿಗೂ ಹೊಸ ಕೆಲಸ, ಯಾರಿಗೂ ಅಭ್ಯಾಸವಿರಲಿಲ್ಲ. ಗಂಡ ಎರಡೂ ಕೈಯನ್ನು ತೊಡೆಯಡಿ ಇಟ್ಟುಕೊಂಡು ಕೂತ. ಮೈದುನ ಬಾಗಿಲ ಚೌಕಟ್ಟಿಗೆ ಬೆನ್ನು ಒತ್ತಿ ನಿಂತ. ಬೆರಳುಗಳು ಹತ್ತಿದವು, ಭುಜದ ಮಟ್ಟಕ್ಕೆ ಬಂದವು, ನಿಂತವು. ಅದೇ ದಾರ, ಅದೇ ಎಳೆತ.

“ಇವತ್ತಿಗೆ ಇಷ್ಟು ಸಾಕು” ಎಂದಳು. “ನಾಳೆ ನೋಡೋಣ.”

ಅತ್ತೆಗೆ ಎಲ್ಲಿತ್ತೋ ಸಿಟ್ಟು. “ನಾಳೆ ನಾಳೆ ಅಂತ ಎಷ್ಟು ನಾಳೆ? ನಾವು ಮಾಡೋ ಹಾಗಿಲ್ಲ ಅಂದ್ರಲ್ಲ! ತಾನು ಸಾಯಬೇಕು, ಸ್ವರ್ಗ ಪಡೀಬೇಕು!”

ಅಂದವರೇ ನಾಲಿಗೆ ಕಚ್ಚಿಕೊಂಡರು. ಆರು ತಿಂಗಳಿಂದ ಆ ಮನೆಯಲ್ಲಿ ಯಾರೂ ಸಾವು ಎಂಬ ಪದವನ್ನು ಬಾಯಿಗೆ ತಂದಿರಲಿಲ್ಲ. ಸೊಳ್ಳೆ ಸತ್ತರೂ ಹೋಯಿತು ಎನ್ನುತ್ತಿದ್ದರು.

“ಅಮ್ಮಾ!” ಎಂದ ಗಂಡ.

“ಗಾದೆ ಕಣೋ! ಎದುರಿಗೆ ಯಾರಿದ್ದಾರೆ ಅಂತ ಗಾದೆಗೆ ಏನೋ ಗೊತ್ತು?” ಅತ್ತೆಯ ಕಣ್ಣಲ್ಲಿ ನೀರೇ ಬಂದಿತ್ತು.

ಗೋಡೆಯ ಕಡೆಯಿಂದ ವಿಚಿತ್ರ ಸದ್ದು ಬಂತು. ಗಂಟೆಯಮ್ಮ ಹಣೆಯನ್ನು ಗೋಡೆಗೆ ಒತ್ತಿ ನಗುತ್ತಿದ್ದಳು. ನಗು ಹೊಟ್ಟೆಯಿಂದ ಎದ್ದು, ಗಾಯದ ಜಾಗ ದಾಟಿ, ಭುಜ ಅಲುಗಿಸಿ ಹೊರಬರುತ್ತಿತ್ತು. ನಗುತ್ತ ನಗುತ್ತಲೇ ಬೆರಳುಗಳು ಒಂದಿಷ್ಟು ಮೇಲೆ ಹತ್ತಿದವು.

“ಸ್ವರ್ಗ ಇನ್ನೂ ಎಟುಕ್ತಿಲ್ಲ ಅತ್ತೆ. ಗಂಟೆ ಎಟುಕಿದ್ರೆ ಸಾಕು ನಂಗೆ.”

ಅವತ್ತಿನಿಂದ ಅವಳ ಪಾಲು ಅವಳದಾಯಿತು. ಗೋಡೆಯ ಮೇಲೆ ಬೆರಳ ಗುರುತುಗಳು ದಿನದಿನಕ್ಕೆ ಮೇಲೇರಿದವು. ಗೋಡೆ ಕೊಳೆಯಾದರೆ ಮನೆ ತಲೆಕೆಳಗು ಮಾಡುತ್ತಿದ್ದ ಅತ್ತೆ ಆ ಜಾಗಕ್ಕೆ ಮಾತ್ರ ಒದ್ದೆ ಬಟ್ಟೆ ತಾಗಿಸಲಿಲ್ಲ. ಸಂಜೆಯ ನಡಿಗೆಗೆ ಗಂಡ ಸೈಕಲ್ ತಳ್ಳಿಕೊಂಡು ಹಿಂದೆ ಬರುತ್ತಿದ್ದ. “ಸುಸ್ತಾದ್ರೆ ಕೂತ್ಕೋ ಅಂತ, ಅಷ್ಟೇ.” ಅವಳು ಅವನನ್ನು ತಿರುವಿನಿಂದ ವಾಪಸ್ಸು ಕಳಿಸುತ್ತಿದ್ದಳು. ಕೆಲವು ದಿನ ಬೆರಳು ಹಿಂದಿನ ದಿನದ ಗುರುತನ್ನೂ ಮುಟ್ಟಲಿಲ್ಲ; ಆ ದಿನಗಳಲ್ಲೂ ಅವಳು ಗೋಡೆಯ ಹತ್ತಿರ ಹೋಗುವುದನ್ನು ಬಿಡಲಿಲ್ಲ. ಮೈದುನ ಅಂಗಡಿಯ ಹಳೇ ಸಾಮಾನಿನಿಂದ ಹಗುರದ ಸುತ್ತಿಗೆಯೊಂದನ್ನು ಮಾಡಿ ತಂದು, “ಇದು ಸಹಾಯ ಅಲ್ಲ ಅತ್ತಿಗೆ, ಸಾಮಾನು” ಎಂದು ಸಮಜಾಯಿಷಿ ಕೊಟ್ಟ.

ಶಾಲೆ ತೆರೆಯುವ ದಿನ ಮಕ್ಕಳು ಸಾಲಾಗಿ ನಿಂತಿದ್ದರು. ಕರೆಂಟು ಗಂಟೆಯ ಡಬ್ಬ ಮೇಜಿನ ಮೇಲಿತ್ತು. ಹೆಡ್‌ಮೇಷ್ಟ್ರು ತೊಲೆಯಿಂದ ದೂರ, ಬಹಳ ದೂರ ನಿಂತಿದ್ದರು. ಮನೆಯ ಮೂವರು ಗೇಟಿನ ಆಚೆ.

ಗಂಟೆಯಮ್ಮ ಕಂಬಿಯ ಕೆಳಗೆ ನಿಂತು ಕೈ ಎತ್ತಿದಳು. ಭುಜ ದಾಟಿತು. ಕಿವಿಯ ಹತ್ತಿರ ಬಂತು. ಅಲ್ಲಿ ನಿಂತಿತು. ಸುತ್ತಿಗೆಗೂ ಕಂಬಿಗೂ ನಡುವೆ ಒಂದು ಬೆರಳಿನ ಗಾಳಿ. ಸಾಲಿನಲ್ಲಿದ್ದ ಚಿಕ್ಕ ಹುಡುಗಿಯೊಬ್ಬಳು ತಾನೂ ಕಾಲ್ಬೆರಳ ಮೇಲೆ ನಿಂತಳು. ಗಂಟೆಯಮ್ಮ ಕಣ್ಣು ಮುಚ್ಚಿದಳು. ತುಟಿಯಂಚಿನಲ್ಲಿ ನಗು ಸುಳಿಯಿತು, ಗಾದೆ ನೆನಪಾಗಿರಬೇಕು. ಹಿಮ್ಮಡಿ ಮೇಲೆದ್ದಿತು.

ಮೊದಲ ಏಟು ಕೊಂಚ ಓರೆಯಾಗಿ ಬಿತ್ತು. ಎರಡನೆಯದು ನೇರ. ಮೂರನೆಯದು ಮೆತ್ತಗೆ.

ಹೆಡ್‌ಮೇಷ್ಟ್ರು ಡಬ್ಬವನ್ನು ಎತ್ತಿಕೊಂಡು ಒಳಗೆ ಹೋದರು, ಬೀರುವಿನ ಕಡೆಗೆ.

ಗೇಟಿನ ಆಚೆ ಅತ್ತೆ ಪಕ್ಕಕ್ಕೆ ತಿರುಗಿ ನೋಡಿದರು. ಇಬ್ಬರೂ ಗಂಡುಮಕ್ಕಳ ಬಲಗೈ ಆಕಾಶಕ್ಕೆ ನೆಟ್ಟಗೆ ನಿಂತಿತ್ತು.

“ಇಳಿಸ್ರೋ ಕೈನ!” ಎಂದು ಗದರಿದರು. “ಅದು ಅವಳ ಪಾಲು!”

ಹೇಳಿದವರ ಕೈ ಮಾತ್ರ ಇನ್ನೂ ಮೇಲೇ ಇತ್ತು.