ತೂಬಿಲ್ಲದ ನೀರು

ನಮ್ಮ ದೊಡ್ಡಪ್ಪ ಬೈಲಪ್ಪ ನೀರುಗಂಟಿ. ಬೆಂಗಳೂರಿನ ಸಿ.ವಿ. ರಾಮನ್ ನಗರವೆಲ್ಲ ಇನ್ನೂ ಗದ್ದೆಯಾಗಿದ್ದಾಗ ನಮ್ಮೂರ ಕೆರೆಯ ತೂಬೆತ್ತಿ, ಯಾರ ಗದ್ದೆಗೆ ಎಷ್ಟು ನೀರು ಬಿಡಬೇಕೋ ಅಷ್ಟು ಬಿಡುತ್ತಿದ್ದವನು. ನೀರುಗಂಟಿ ಬೇರೆ ಊರಲ್ಲಿ ಮಲಗಬಾರದು, ಅದು ನಮ್ಮಲ್ಲಿ ಕಟ್ಟಳೆ. ಹಾಗಾಗಿ ದೊಡ್ಡಮ್ಮ ಮುನಿಗಂಗಮ್ಮನನ್ನು ಅವನು ಕರೆದೊಯ್ದದ್ದು ಹಲಸೂರಿಗೆ, ಒಂದೇ ಒಂದು ಸಿನಿಮಾಕ್ಕೆ. ಅದೂ ಇಂಟರ್‌ವೆಲ್‌ನಲ್ಲಿ ಹೊರಗೆ ಬಂದು ನೋಡಿದರೆ ಮಳೆ ಹನಿಯುತ್ತಿತ್ತಂತೆ, ಕೆರೆಯ ಏರಿಯನ್ನು ನೋಡಬೇಕೆಂದು ಅವಳನ್ನೂ ಎಬ್ಬಿಸಿಕೊಂಡು ಬಂದುಬಿಟ್ಟ. ಎಂಥ ಗಂಡಸೋ!

ಆಮೇಲೆ ಗದ್ದೆಗಳೆಲ್ಲ ಮನೆಯಾದವು. ಕೆರೆಗೆ ಬೇಲಿ ಬಂತು, ಗೇಟು ಬಂತು, ವಾಕಿಂಗ್ ಮಾಡುವವರು ಬಂದರು. ದೊಡ್ಡಪ್ಪ ಮಾತ್ರ ದಿನಾ ಸಂಜೆ ಹೋಗಿ, ಕೆಲಸವಿಲ್ಲದ ಆ ತೂಬನ್ನು ನೋಡಿಕೊಂಡೇ ಬರುತ್ತಿದ್ದ. ಹುಟ್ಟುಗುಣ ಸುಟ್ಟರೂ ಹೋಗದು. ದೊಡ್ಡಮ್ಮನಿಗೆ ಇದ್ದದ್ದು ಒಂದೇ ಆಸೆ: ಗಂಡನ ಪಕ್ಕ ರೈಲಿನಲ್ಲಿ ಕೂತು ಸಮುದ್ರ ನೋಡಬೇಕು. ಮಂಡಿನೋವು ಹೆಚ್ಚುತ್ತಿತ್ತು, ಇನ್ನು ಮುಂದೂಡುವಂತಿರಲಿಲ್ಲ.

ಈ ದಸರಾ ರಜೆಗೆ ನಾನೇ ಹಠ ಹಿಡಿದು ರಾಮೇಶ್ವರಕ್ಕೆ ಮೂವರಿಗೂ ಟಿಕೆಟ್ ಮಾಡಿಸಿದೆ. ಕೆ.ಆರ್. ಪುರದಲ್ಲಿ ರೈಲು ಹತ್ತುವ ಹೊತ್ತಿಗೆ ಮೋಡ ಕಟ್ಟಿತ್ತು. ಕೆರೆ ಕೋಡಿ ಬಿದ್ದರೆ ನೋಡುವವರು ಯಾರು ಎಂದು ದೊಡ್ಡಪ್ಪ ತಗಾದೆ ತೆಗೆದ. ದೊಡ್ಡಮ್ಮ ಜಗಳವಾಡಲಿಲ್ಲ. ಒಳಗೆ ಹೋಗಿ ಕಿಟಕಿಯ ಹತ್ತಿರ ಕೂತು, ಮಗ್ಗುಲ ಜಾಗದಲ್ಲಿ ತಿಂಡಿ ಚೀಲ ಇಟ್ಟು ಕಾದಳು. ಗೊಣಗುತ್ತಲೇ ಹತ್ತಿದ. ದಾರಿಯುದ್ದಕ್ಕೂ ಮಗ ಮುನೀಂದ್ರನಿಗೆ ಫೋನು, ನೀರು ಎಲ್ಲಿಗೆ ಬಂತು ಎಂದು.

ಮಧುರೆಯಲ್ಲಿ ರಾಮೇಶ್ವರದ ಪ್ಯಾಸೆಂಜರ್ ಹಿಡಿದೆವು. ಊರೂರಿಗೂ ನಿಂತು, ವಡೆ ಮಾರುವವರನ್ನೆಲ್ಲ ಹತ್ತಿಸಿಕೊಂಡು ಹೋಗುವ ಗಾಡಿ. ಪಾಂಬನ್ ಸೇತುವೆಯ ಮೇಲೆ ಅದು ಇನ್ನೂ ನಿಧಾನವಾಯಿತು. ಎರಡೂ ಕಡೆ ಸಮುದ್ರ. ದೊಡ್ಡಪ್ಪ ಗಾಬರಿಯಿಂದ ಎದ್ದು ಈ ಕಿಟಕಿಗೂ ಆ ಕಿಟಕಿಗೂ ಓಡಾಡತೊಡಗಿದ. ತೂಬು ಹುಡುಕುತ್ತಿದ್ದಾನೆಂದು ತಿಳಿದು ನನಗೆ ನಗು ತಡೆಯಲಾಗಲಿಲ್ಲ. ದೊಡ್ಡಮ್ಮ ನಗಲಿಲ್ಲ. ಚೀಲ ತೆಗೆದು ಪಕ್ಕದ ಜಾಗ ಬಿಡಿಸಿದಳು.

"ಇದುಕ್ಕೆ ತೂಬಿಲ್ಲ ಕಣ್ರೀ. ಯಾರೂ ಕಾಯ್ಬೇಕಾಗಿಲ್ಲ. ಬಂದು ಕೂತ್ಕಳಿ."

ಅವನು ಬಂದು ಕೂತ. ಫೋನು ಜೇಬಿಗಿಳಿಯಿತು. ತುಂಬ ಹೊತ್ತು ಇಬ್ಬರೂ ನೀರನ್ನೇ ನೋಡಿದರು.

"ಅವತ್ತು ಆ ಸಿನಿಮಾ," ಎಂದ ದೊಡ್ಡಪ್ಪ, "ಆಮೇಲೆ ಏನಾಯ್ತಂತೆ? ಯಾರನ್ನಾದ್ರೂ ಕೇಳಿದ್ಯೇನೇ?"

"ಕೇಳ್ಲಿಲ್ಲ," ಎಂದಳು ದೊಡ್ಡಮ್ಮ. "ನೀವೇ ಒಂದಿನ ಕರ್ಕೊಂಡೋಗಿ ಪೂರ್ತಿ ತೋರಿಸ್ತೀರ ಅಂತ ಇದ್ದೆ."