ಮಗನ ವಿರುದ್ಧವೇ ಬಾಜಿ

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನ ನಡುವಯಸ್ಸಿನ ಹೆಂಗಸು ಮೊಬೈಲಿನಲ್ಲಿ ಕಬಡ್ಡಿ ನೋಡುತ್ತಾ ಬಾಜಿ ಕಟ್ಟಿದ್ದರು. ದುಡ್ಡಲ್ಲ, ಆ್ಯಪ್ ಪುಕ್ಕಟೆ ಕೊಡುವ ಕಾಯಿನ್‌ಗಳು. ಒಬ್ಬ ರೇಡರ್ ಐದು ಪಾಯಿಂಟ್ ಕೂಡ ತರುವುದಿಲ್ಲ ಎಂದು ಇದ್ದಬದ್ದದ್ದನ್ನೆಲ್ಲ ಹಾಕಿದ್ದರು. ಅವನು ಐದನೆಯದನ್ನೂ ತಂದ. ಕಾಯಿನ್‌ಗಳೆಲ್ಲ ಹೋದವು, ಇವರ ಮುಖ ಮಾತ್ರ ಅರಳಿತು.

“ಸೋತ್ರೂ ನಗ್ತಿದ್ದೀರಲ್ಲ?” ಎಂದೆ, ಕುತೂಹಲ ತಡೆಯಲಾರದೆ.

“ಅವ್ನು ನನ್ನ ಮಗ ಮಾರಾಯ್ತಿ. ಜಾಸ್ತಿ ತರ್ತಾನೆ ಅಂತ ನಾನೇ ಹಾಕಿದ್ರೆ ದೃಷ್ಟಿ ಆಗಲ್ವಾ? ಹೆತ್ತೋರ ಕಣ್ಣೇ ಮೊದ್ಲು ಬೀಳೋದು.”

ಶಾಲೆಯ ಓಟದಲ್ಲಿ ನಾನು ಕಪ್ ಗೆದ್ದು ತಂದಾಗಲೂ ಅಮ್ಮ “ಪರವಾಗಿಲ್ಲ” ಎಂದಷ್ಟೇ ಹೇಳಿ ಒಳಗೆ ಹೋಗಿದ್ದರು. ಬಸ್ಸಿಳಿಯುವಾಗ ಅಮ್ಮನ ಆ ಮಾತು ಮೊದಲ ಸಲ ಹೊಗಳಿಕೆಯಂತೆ ಕೇಳಿಸಿತು.